ಇಸಾಕನ ಬೆರಳು

ಜುಗೂಳದ ಬಸ್‌ಸ್ಟ್ಯಾಂಡಿನ ಹಿಂದೆ ಇಸಾಕ ಮುಲಾಣಿಯದು ತಗಡಿನ ಮಟನ್ ಅಂಗಡಿ. ಮೂವತ್ತೆರಡು ವರ್ಷಗಳಿಂದ ಆಡು, ಕುರಿ ಕೊಯ್ದು ಕೊರಳೊಳಗಿನದೆಲ್ಲ ಅವನ ಬೆರಳಿಗೆ ಗೊತ್ತು. ಮುಂದೆ ಉಸಿರಿನ ಕೊಳವೆ, ಅದರ ಬೆನ್ನಿಗೆ ಅನ್ನನಾಳ, ಎರಡೂ ಪಕ್ಕಕ್ಕೆ ಆಳದಲ್ಲಿ ದಪ್ಪ ರಕ್ತನಾಳ. ಉಸಿರಿನ ಕೊಳವೆಗೆ ಗಟ್ಟಿ ಉಂಗುರಗಳಿವೆ, ಆದರೆ ಒಂದೂ ಪೂರ್ತಿ ಸುತ್ತಿಲ್ಲ. ನುಂಗಿದ ತುತ್ತು ಇಳಿಯಲೆಂದು ಹಿಂಬದಿ ಮೆತ್ತಗಿರುತ್ತದೆ. ಮೇಲ್ತುದಿಯಲ್ಲಿ ಧ್ವನಿಪೆಟ್ಟಿಗೆ. ಮದುವೆಯಾದ ಹೊಸದರಲ್ಲಿ ಅವನೊಮ್ಮೆ ಕೊಯ್ದ ಆಡಿನ ಕೊಳವೆಯನ್ನು ಕೆಳಗಿನಿಂದ ಊದುತ್ತ ಆ ಪೆಟ್ಟಿಗೆಯನ್ನು ಎರಡು ಬೆರಳಲ್ಲಿ ಒತ್ತಿದ್ದ. ಸತ್ತ ಆಡು 'ಮ್ಯಾ' ಎಂದಿತ್ತು. ಹೆಂಡತಿ ಹುಸೇನಬಿ ಹಿಟ್ಟಿನ ಬುಟ್ಟಿ ಚೆಲ್ಲಿ ಓಡಿದ್ದಳು.

"ಹುಚ್ಚ ಹಿಡದೈತೇನ್ರಿ ನಿಮಗ? ಸತ್ತದ್ದನ್ನ ಮಾತಾಡಸ್ತೀರಿ!"

"ನಾ ಎಲ್ಲಿ ಮಾತಾಡಸೀನಿ? ಅದು ಬರೇ ಗಾಳಿ ಬೇ."

ಹೋದ ವರ್ಷ ಕಬ್ಬು ಕಡಿಯುವ ಹಂಗಾಮಿನಲ್ಲಿ, ಒಂದು ಬೆಳಿಗ್ಗೆ, ಅವನು ಆಡು ನೋಡಲು ಹೊಳೆಯ ದಾರಿಯಲ್ಲಿ ಮೋಟರ್‌ಸೈಕಲ್ ಗಾಡಿ ಓಡಿಸುತ್ತಿದ್ದ. ಭೀಮಗೊಂಡರ ಹೊಲದಿಂದ ಹೆಂಗಸಿನ ಚೀರಾಟ ಕೇಳಿಸಿತು. ಭೀಮಗೊಂಡರದು ಮಾಂಸ ಮುಟ್ಟದ ಮನೆ. ಇಸಾಕನ ಅಂಗಡಿ ಬಂದರೆ ಮುಖ ಆಚೆ ತಿರುಗಿಸಿ ನಡೆಯುವವರು. ಅವರಿಗೂ ದಾಯಾದಿ ಭಾವುಸಾಹೇಬನಿಗೂ ಬದುವಿನ ಜಗಳ ಆರು ವರ್ಷದ್ದು. ಆ ದಿನ ಭಾವುಸಾಹೇಬ ಕಬ್ಬು ಕಡಿಯುವ ಕೊಯ್ತಾ ಎತ್ತಿದ್ದ. ಮೊದಲ ಏಟಿಗೆ ಭೀಮಗೊಂಡರ ಮುಂಗೈ ಸೀಳಿತು. ಎರಡನೆಯದು ಕೊರಳಿಗೇ ಬಿತ್ತು. ಮೂರನೆಯದನ್ನು ಎತ್ತುವಷ್ಟರಲ್ಲಿ ಗಾಡಿಯ ಸದ್ದು ಕೇಳಿ ಅವನು ಕಬ್ಬಿನೊಳಗೆ ನುಗ್ಗಿ ಓಡಿದ.

ಇಸಾಕ ಬಂದಾಗ ಭೀಮಗೊಂಡರು ಅಂಗಾತ ಬಿದ್ದು ಕಾಲು ಬಡಿಯುತ್ತಿದ್ದರು. ಹೆಂಡತಿ ರುಕ್ಮವ್ವ ಸಂಚಿಯಲ್ಲಿದ್ದ ತಂಬಾಕಿನ ಪುಡಿಯನ್ನೆಲ್ಲ ಕೊರಳ ಗಾಯಕ್ಕೆ ಸುರಿದು ಸೆರಗಿನಿಂದ ಒತ್ತಿ ಹಿಡಿದಿದ್ದಳು. ಕುಡುಗೋಲು ತಾಗಿದರೆ, ಕಾಲಿಗೆ ಕೂಳೆ ಚುಚ್ಚಿದರೆ ಈ ಕಡೆ ಎಲ್ಲರೂ ಮಾಡುವುದು ಅದನ್ನೇ. ಆದರೆ ಅವಳು ಒತ್ತಿದಷ್ಟೂ ಗಂಡನ ಮುಖ ಕಪ್ಪಾಗುತ್ತಿತ್ತು, ಸೆರಗಿನ ಅಂಚಿನಲ್ಲಿ ರಕ್ತ ಗುಳ್ಳೆಗುಳ್ಳೆಯಾಗಿ ಉಕ್ಕುತ್ತಿತ್ತು.

ಬರೀ ರಕ್ತವಾದರೆ ಚಿಮ್ಮುತ್ತದೆ, ಇಲ್ಲವೆ ಜಿನುಗುತ್ತದೆ. ಗುಳ್ಳೆ ಏಳಬೇಕಾದರೆ ಗಾಳಿ ಬೇಕು.

"ಅಕ್ಕಾರ, ಕೈ ತಗೀರಿ! ಉಸರು ಅಲ್ಲಿಂದ ಹೊಂಟೈತಿ!"

ಅವಳಿಗೆ ಕೇಳಿಸಲಿಲ್ಲ. ಇಸಾಕ ಅವಳನ್ನು ದೂಡಿದ. ಅವಳು ಸಾಲಿನಲ್ಲಿ ಬಿದ್ದಳು. ಅವನು ಭೀಮಗೊಂಡರನ್ನು ಮಗ್ಗುಲಾಗಿಸಿ, ರಕ್ತ ಒಳಗಿಳಿಯದಂತೆ ಮುಖ ನೆಲಕ್ಕೆ ಬಾಗಿಸಿ, ಗಾಯದಲ್ಲಿ ಮೆತ್ತಿದ್ದ ಪುಡಿಯನ್ನು ಕೆದರಿ ತೆಗೆದ. ಪಕ್ಕದ ದೊಡ್ಡ ನಾಳಗಳು ಉಳಿದಿದ್ದವು; ಏಟು ಬೀಳುವಾಗ ತಲೆ ಹಿಂದಕ್ಕೆ ವಾಲಿ ಅವು ಆಳಕ್ಕೆ ಸರಿದಿದ್ದರಿಂದ ಇರಬೇಕು. ಕೊಳವೆ ಮಾತ್ರ ಮುಂದಿನಿಂದ ಬಾಯಿ ತೆರೆದಿತ್ತು. ಕತ್ತರಿಸಿದ ಉಂಗುರದ ಅಂಚಿಗೆ ತೋರುಬೆರಳು ಸಿಗಿಸಿ ಎತ್ತಿ ಹಿಡಿದ. ರಕ್ತ ಮತ್ತು ತಂಬಾಕು ಅವನ ಮುಖಕ್ಕೆ ಸಿಡಿದವು. ಆಮೇಲೆ ಸುಂಯ್ ಎಂದು ಗಾಳಿ ಒಳಗೆ ಹೋಯಿತು.

ಆಗಲೇ ಭೀಮಗೊಂಡರ ಮಗ ಅಮೋಲ ಓಡಿ ಬಂದ. ಅವನು ಕಂಡದ್ದು ಇಷ್ಟು: ಅವ್ವ ಕೆಳಗೆ ಬಿದ್ದಿದ್ದಾಳೆ, ಕಟುಕನ ಬೆರಳು ಅಪ್ಪನ ಕೊರಳೊಳಗಿದೆ.

"ನಮ್ಮಪ್ಪನ್ನ ಕೊಯ್ಯಾಕತ್ತಿಯೇನಲೇ!"

ಅವನ ಕೈಯಲ್ಲಿದ್ದ ಬಡಿಗೆಯ ಮೊದಲ ಏಟು ಇಸಾಕನ ಬೆನ್ನಿಗೆ ಬಿತ್ತು, ಎರಡನೆಯದು ಕಿವಿಗೆ. ಇಸಾಕ ಎಡಗೈ ಅಡ್ಡ ಹಿಡಿದ. ಮೂರನೆಯ ಏಟಿಗೆ ಎಲುಬು ಲಟಕ್ಕೆಂದಿತು. ಬಲಗೈ ಮಾತ್ರ ಅಲುಗಿಸಲಿಲ್ಲ.

"ಹೊಡಿ, ಹೊಡಿ. ಆದ್ರ ಬೆರಳ ತಗದ್ನೆಂದ್ರ ಸಾಯ್ತಾನ ನಿಮ್ಮಪ್ಪ."

"ಭಾವ್ಯಾ ಕಡದಾನೋ!" ರುಕ್ಮವ್ವ ಮಗನ ಕಾಲು ತಬ್ಬಿದಳು. "ಈತ ಬದುಕಸಾಕತ್ತಾನೋ ಮೂಳಾ!"

ಮಿರಜಿನ ದವಾಖಾನೆಯವರೆಗೆ, ಊರಿಂದ ತರಿಸಿದ ಜೀಪಿನ ಹಿಂಭಾಗದಲ್ಲಿ ಇಸಾಕ ಹಾಗೇ ಕೂತಿದ್ದ. ಎಡಗೈ ಜೋತು ಬಿದ್ದಿತ್ತು, ಬಲಗೈ ಬೆರಳು ಕೊರಳಲ್ಲಿತ್ತು. ಅಮೋಲ ಎದುರಿಗೆ ಕೂತು ಅಪ್ಪನ ಕಾಲು ಹಿಡಿದಿದ್ದ. ಭಾವುಸಾಹೇಬನನ್ನು ಸಂಜೆಯೇ ಪೊಲೀಸರು ಹಿಡಿದರು.

ಭೀಮಗೊಂಡರು ಬದುಕಿದರು, ಆದರೆ ದನಿ ಇರಲಿಲ್ಲ. ಕೊರಳಲ್ಲಿ ಪ್ಲಾಸ್ಟಿಕ್ ಕೊಳವೆ. ಬಾಯಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ದನಿ ಹೋಯಿತೆಂದೇ ರುಕ್ಮವ್ವ ಅಳುತ್ತಿದ್ದಳು. ಹನ್ನೆರಡನೆಯ ದಿನ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಇಸಾಕ ನೋಡಲು ಬಂದ. ಆಗಷ್ಟೇ ಡಾಕ್ಟರು ಮೊದಲಿನದನ್ನು ತೆಗೆದು, ಪಕ್ಕದಿಂದ ಗಾಳಿ ಮೇಲೆ ಹೋಗುವಷ್ಟು ಸಣ್ಣ ಕೊಳವೆ ಹಾಕಿದ್ದರು.

"ಪೆಟ್ಟು ಧ್ವನಿಪೆಟ್ಟಿಗೆಯ ಕೆಳಗೆ ಬಿದ್ದಿದೆ, ಪೆಟ್ಟಿಗೆಗೆ ಏನೂ ಆಗಿಲ್ಲ," ಎಂದರು ಅವರು. "ಗಾಳಿ ಮೇಲೆ ಹೋಗದೆ ಇಲ್ಲೇ ಹೊರಗೆ ಬರುತ್ತಿದೆ, ಅಷ್ಟೆ. ಉಸಿರು ತಗೊಳ್ಳಿ. ಈಗ ತೂತು ಮುಚ್ಚಿ ಮಾತಾಡಿ."

ಇಸಾಕನಿಗೆ ಹುಸೇನಬಿ ಚೆಲ್ಲಿದ ಹಿಟ್ಟು ನೆನಪಾಯಿತು.

ಭೀಮಗೊಂಡರು ಬೆರಳಿಂದ ತೂತು ಮುಚ್ಚಿದರು. ಮೊದಲು ಗೊರಗೊರ ಸದ್ದು, ಆಮೇಲೆ ದನಿ. ಕಣ್ಣು ಇಸಾಕನ ಪ್ಲಾಸ್ಟರಿನ ಮೇಲಿತ್ತು.

"ಯಾಂವ... ಹೊಡದಾನ?"

ಮಂಚದ ಕಾಲದೆಸೆಗೆ ನಿಂತಿದ್ದ ಅಮೋಲ ತಲೆ ತಗ್ಗಿಸಿದ.

"ಗಾಡಿ ಸ್ಲಿಪ್ ಆತ್ರಿ, ಗೌಡ್ರ," ಎಂದ ಇಸಾಕ.

ಭೀಮಗೊಂಡರು ಬೆರಳು ತೆಗೆದು ಮತ್ತೊಂದು ಉಸಿರು ಎಳೆದುಕೊಂಡರು, ಮುಚ್ಚಿದರು.

"ಸುಳ್ಳ. ಆವತ್ತ ನನಗ ಕಣ್ಣಿತ್ತು."

ಪ್ಲಾಸ್ಟರ್ ಬಿಚ್ಚುವವರೆಗೆ ಎರಡು ತಿಂಗಳು ಇಸಾಕನಿಗೆ ಗಾಡಿ ಹೊಡೆಯಲಾಗಲಿಲ್ಲ. ಭಾನುವಾರ ಬೆಳಿಗ್ಗೆ ಅಮೋಲ ತನ್ನ ಗಾಡಿಯಲ್ಲಿ ಅವನನ್ನೂ ಆಡನ್ನೂ ಅಂಗಡಿಗೆ ತಂದು ಬಿಡುತ್ತಿದ್ದ. ಕೊಯ್ದ ಆಡನ್ನು ತೂಗುಹಾಕುವಾಗ ಎತ್ತಲು ಇನ್ನೊಂದು ಕೈ ಬೇಕಾದೀತೆಂದು ಹೋಗದೆ ಅಲ್ಲೇ ನಿಲ್ಲುತ್ತಿದ್ದ, ಅಂಗಡಿಗೆ ಬೆನ್ನು ಮಾಡಿ.