ಮಗಳು ಆಸ್ಪತ್ರೆಯಲ್ಲಿದ್ದಾಗಲೇ ಸ್ತೋತ್ರದ ಕೂಟ

ಯೇಸುವನ್ನು ನಂಬಿರುವ ಅಕ್ಕ-ತಂಗಿಯರೇ, ನಾನು ಶಾಂತವಾಗಿ ಪ್ರಾರ್ಥಿಸುವ ಹೆಂಗಸಲ್ಲ. ದಾಂಡೇಲಿಯ ನಮ್ಮ ಸಭೆಯವರಿಗೆ ಇದು ಗೊತ್ತು, ನಿಮಗೂ ಗೊತ್ತಿರಲಿ.

ಈ ಆಗಸ್ಟ್‌ನಲ್ಲಿ ಜ್ವರ ಬಂದು ಹೋದ ಮೇಲೆ ನನ್ನ ಏಳು ವರ್ಷದ ಮಗಳು ರೂತಳ ಕಾಲು ಸೋತವು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಗಂಟಲೂ ಸೋತಿತ್ತು. ನರದ ಕಾಯಿಲೆ, ಇಂಜೆಕ್ಷನ್ ಕೊಟ್ಟಿದ್ದೇವೆ, ಕಾಯಬೇಕು ಅಂದರು ಡಾಕ್ಟರು. ಹನ್ನೊಂದು ದಿನ ಮೂಗಿಗೆ ಹಾಕಿದ ನಳಿಗೆಯಿಂದಲೇ ಹಾಲು. ಮಾತಿಲ್ಲ. ತನ್ನ ಉಗುಳನ್ನೂ ನುಂಗಲಾರಳು. ನಾನು ಕೂತಲ್ಲಿ ಕೂರಲಾರೆ. ವಾರ್ಡಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ವಾರ್ಡಿಗೆ ಅಲೆದದ್ದೇ ಅಲೆದದ್ದು.

ಶನಿವಾರ ಅತ್ತೆಯ ಫೋನು ಬಂತು. “ನಾಳೆ ಮನ್ಯಾಗ ಸ್ತೋತ್ರದ ಕೂಟ ಇಟ್ಟೇನಿ. ಮಂದಿಗೆ ಊಟಕ್ಕೂ ಹೇಳೇನಿ.”

ನಮ್ಮಲ್ಲಿ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಮೇಲೆ ದೇವರಿಗೆ ಕೃತಜ್ಞತೆ ಹೇಳಲು ಆ ಕೂಟ ಇಡುವುದು ರೂಢಿ. ನನಗೆ ಮೈಯೆಲ್ಲ ಉರಿಯಿತು. ನನ್ನ ಮಗಳಿಗೆ ಹನಿ ನೀರು ಇಳಿಯುತ್ತಿಲ್ಲ, ಇವರಿಗೆ ಊಟವಂತೆ! ರೂತಳ ಹತ್ತಿರ ಗಂಡನನ್ನು ಕೂರಿಸಿ, ಕೂಟ ನಿಲ್ಲಿಸಿಯೇ ಬರುತ್ತೇನೆಂದು ಭಾನುವಾರ ಬೆಳಗಿನ ದಾಂಡೇಲಿ ಬಸ್ಸು ಹತ್ತಿದೆ. ಹಳಿಯಾಳದವರೆಗೂ ಮನಸ್ಸಿನಲ್ಲೇ ಬೈದೆ, ಅತ್ತೆಯನ್ನೂ ದೇವರನ್ನೂ.

ಮನೆ ತುಂಬ ಜನ. “ಯಾರ ಖುಷಿಗೆ ಮಾಡೀರಿ ಅತ್ತಿ ಇದನ್ನ?” ಎಂದು ಎಲ್ಲರೆದುರೇ ಕೂಗಿದೆ.

ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ. “ಖುಷಿ ಎಲ್ಲಿಂದ ಬರಬೇಕ? ಕೊಡು ಕೊಡು ಅಂತ ಬೇಡಿ ಬೇಡಿ ನನಗ ಹುಚ್ಚು ಹಿಡಿಯೂದೊಂದ ಬಾಕಿ ಐತಿ. ಕೊಟ್ಟದ್ದಕ್ಕಾದ್ರೂ ಸ್ತೋತ್ರ ಹೇಳೂಣು ಅಂತ ಕರದೇನಿ. ಬ್ಯಾಡಂದ್ರ ನೀ ಹೊರಗ ಕುಂದ್ರು.”

ಹೊರಗೆ ಕೂರಲೂ ಆಗಲಿಲ್ಲ. ಒಬ್ಬೊಬ್ಬರೂ ಎದ್ದು ದೇವರ ಒಂದೊಂದು ಉಪಕಾರ ನೆನೆದರು. ನನ್ನ ಸರದಿ ಬಂದಾಗ “ನನ್ನ ಕಡೆ ಏನೂ ಇಲ್ರಿ” ಅಂದೆ. ಆಮೇಲೆ ಸಿಟ್ಟಿನಲ್ಲೇ ಬಾಯಿಗೆ ಬಂತು: “ಆಕಿ ಉಸಿರಾಡಾಕತ್ತಾಳ. ಅದಕ್ಕ ಸ್ತೋತ್ರ.”

ಹೇಳಿದ ಕೂಡಲೇ ವಾರ್ಡಿನಲ್ಲಿ ಪಕ್ಕದ ಮಂಚದ ಹುಡುಗಿ ನೆನಪಾದಳು. ಅವಳಿಗೂ ಅದೇ ಕಾಯಿಲೆ, ಆದರೆ ಉಸಿರೂ ಮಷೀನಿನದು. ಅವಳ ತಾಯಿಯೇ ದಿನಾ ನನ್ನ ಕೈಗೆ ರೊಟ್ಟಿ ಇಟ್ಟು “ಉಣ್ರಿ” ಅನ್ನುತ್ತಿದ್ದಳು. ಹನ್ನೊಂದು ದಿನ ಆ ರೊಟ್ಟಿ ತಿಂದೆ, ಮಗಳ ಹೆಸರೇನೆಂದು ಕೇಳಿರಲಿಲ್ಲ. ನಾಚಿಕೆಯಿಂದ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಸಂಜೆ ಆಸ್ಪತ್ರೆಗೆ ಹೋದವಳೇ ಕೇಳಿದೆ. ಸವಿತಾ ಅಂತೆ. ಅವತ್ತಿನಿಂದ ಇಬ್ಬರ ಹೆಸರನ್ನೂ ಹೇಳಿ ಪ್ರಾರ್ಥಿಸಿದೆ. ಬುಧವಾರ ಡಾಕ್ಟರು ಪರೀಕ್ಷೆಗೆಂದು ರೂತಳ ಬಾಯಿಗೆ ಒಂದು ಚಮಚ ನೀರು ಹಾಕಿದರು. ನುಂಗಿದಳು! ಗಾಳಿಯಂಥ ದನಿಯಲ್ಲಿ “ಇನ್ನೊಂದ್ ಸಲ” ಅಂದಳು.

ಅತ್ತೆಗೆ ಫೋನು ಮಾಡಿದೆ. “ಹಂಗಾರ ಇವತ್ತ ನಾನೂ ಉಣ್ತೇನಿ” ಅಂದರು. ಅಷ್ಟು ದಿನವೂ ಒಂದೇ ಹೊತ್ತು ಗಂಜಿ ಕುಡಿದು ಉಪವಾಸವಿದ್ದರೆಂದು ನನಗೆ ತಿಳಿದದ್ದು ಆಗಲೇ.

ರೂತ್ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಕರ್ತನ ಉಪಕಾರ ನಾನು ಸಾಯುವತನಕ ಮರೆಯಲಾರೆ. ಸವಿತಾ ಇನ್ನೂ ಮಷೀನಿನಲ್ಲೇ ಇದ್ದಾಳೆ. ಬರುವ ಭಾನುವಾರ ಅವಳಿಗಾಗಿ ನಮ್ಮ ಮನೆಯಲ್ಲಿ ಸ್ತೋತ್ರದ ಕೂಟವಿದೆ. ಈ ಸಲ ಜನರನ್ನು ಕರೆದವಳು ನಾನು.