ಬಾಯಮ್ಮ ಕೊಟ್ಟ ಕಲ್ಲು

ಇವತ್ತು ಮಧ್ಯಾಹ್ನ ಅಪ್ಪೆಮಿಡಿ ಉಪ್ಪಿಗೆ ಹಾಕೋಣವೆಂದು ಅಟ್ಟದಿಂದ ಭರಣಿ ಇಳಿಸಿದೆ. ಅದರೊಳಗೆ ಹಳೆಯ ಬಟ್ಟೆಯಲ್ಲಿ ಸುತ್ತಿ ಒಂದು ಕಲ್ಲು ಇಟ್ಟಿರುತ್ತೇನೆ. ಮಿಡಿ ಉಪ್ಪುನೀರಿನಲ್ಲಿ ಮೇಲೆ ತೇಲಿ ಬರದ ಹಾಗೆ ಮರದ ತಟ್ಟೆ ಮುಚ್ಚಿ, ಅದರ ಮೇಲೆ ಹೇರುವ ಕಲ್ಲು. ಹೊಳೆಯದ್ದು, ಕಪ್ಪು, ನುಣುಪು, ಒಂದು ಕೈ ತುಂಬುವಷ್ಟು. ಎಷ್ಟು ತಿಕ್ಕಿ ತೊಳೆದರೂ ಅದರಿಂದ ಮಾವಿನ ಸೊನೆಯ ವಾಸನೆ ಹೋಗುವುದಿಲ್ಲ. ಬಟ್ಟೆ ಬಿಚ್ಚಿದ್ದೇ ಆ ವಾಸನೆ ಬಂತು, ಕಲ್ಲು ಕೈಯಲ್ಲಿ ಹಿಡಿದು ಅಲ್ಲೇ ಕೂತುಬಿಟ್ಟೆ. ಪ್ರತಿ ವರ್ಷವೂ ಹೀಗೇ ಆಗುತ್ತದೆ. ಈ ವರ್ಷ ಸ್ವಲ್ಪ ಹೆಚ್ಚು.

ಈ ಕಲ್ಲು ಕೊಟ್ಟವರು ನಮ್ಮ ಪಕ್ಕದ ಮನೆಯ ಬಾಯಮ್ಮ. ಸಾಗರದ ನಮ್ಮ ಓಣಿಯಲ್ಲಿ ಅದೊಂದೇ ಕ್ರಿಶ್ಚಿಯನ್ನರ ಮನೆ. ಅವರ ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ, ಎಲ್ಲರಿಗೂ ಬಾಯಮ್ಮನೇ. ಅವರ ಅಜ್ಜನ ಕಾಲದಲ್ಲಿ ಘಟ್ಟ ಹತ್ತಿ ಬಂದವರಂತೆ. ಮನೆಯಲ್ಲಿ ಕೊಂಕಣಿ, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಗಂಡ ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬನ್ನು, ರಸ್ಕು ಮಾರುತ್ತಿದ್ದರು. ಮಕ್ಕಳಿರಲಿಲ್ಲ. ಅದಕ್ಕೋ ಏನೋ ಓಣಿಯ ಮಕ್ಕಳೆಲ್ಲ ಅವರ ಜಗಲಿಯಲ್ಲೇ ಬಿದ್ದಿರುತ್ತಿದ್ದೆವು.

ಭಾನುವಾರ ಇಗರ್ಜಿಯಲ್ಲಿ ಮಕ್ಕಳಿಗೆ ಪಾಠ ಹೇಳುವುದು ಬಾಯಮ್ಮನ ಕೆಲಸ. ಅದರ ತಯಾರಿ ಶನಿವಾರ ಸಂಜೆ ಜಗಲಿಯಲ್ಲಿ, ನಮ್ಮ ಮುಂದೆ. ನಾವು ಗೇಣಿ ಮಾಡಿಕೊಂಡಿದ್ದ ಮನೆತನದವರು, ಮನೆಯಲ್ಲಿ ಭೂತ, ಚೌಡಿಯ ಪೂಜೆ ಎಲ್ಲ ಇತ್ತು. ಆದರೂ ನಮ್ಮಮ್ಮ ಬೇಡ ಅನ್ನಲಿಲ್ಲ, ಮಕ್ಕಳು ಒಂದು ಗಂಟೆ ಕಣ್ಣೆದುರಿಂದ ತೊಲಗಿದರೆ ಸಾಕಿತ್ತು ಅವಳಿಗೆ. ನಮಗೆ ಇಷ್ಟವಾದದ್ದು ಶಿಕ್ಷೆಯ ಕತೆಗಳು. ಊರ ಬಾಗಿಲ ಹೊರಗೆ ಕರೆದೊಯ್ದು ಕಲ್ಲೆಸೆದು ಕೊಲ್ಲುವುದು, ಕಣ್ಣಿಗೆ ಕಣ್ಣು ಕೀಳುವುದು, ಅಂಥವು. ಇವತ್ತು ಯಾರಿಗೆ ಎಂತ ಶಿಕ್ಷೆ ಅಂತ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದೆವು.

ಬಾಯಮ್ಮ ಮಾತ್ರ ಶಿಕ್ಷೆಗಿಂತ ಅದರ ಹಿಂದಿನ ನಿಯಮಗಳನ್ನೇ ಹೆಚ್ಚು ಹೇಳುತ್ತಿದ್ದರು. ಮೋಶೆಯ ಕಾಲದಲ್ಲಿ ಒಬ್ಬನ ಸಾಕ್ಷಿಯಿಂದ ಯಾರನ್ನೂ ಕೊಲ್ಲುವ ಹಾಗಿರಲಿಲ್ಲವಂತೆ, ಇಬ್ಬರೋ ಮೂವರೋ ಬೇಕು. ಸಾಕ್ಷಿ ಸುಳ್ಳಾದರೆ, ಆರೋಪ ಹೊತ್ತವನಿಗೆ ಆಗಬೇಕಿದ್ದ ಶಿಕ್ಷೆ ಸಾಕ್ಷಿಗೇ. ಎಲ್ಲಕ್ಕಿಂತ ದೊಡ್ಡದು, ಯಾರ ಮಾತಿನಿಂದ ತೀರ್ಪಾಯಿತೋ ಅವನೇ ಮೊದಲ ಕಲ್ಲು ಎಸೆಯಬೇಕು. ಜನ ಆಮೇಲೆ. ಪಾಪ ಮಾಡದವನು ಮೊದಲು ಎಸೆಯಲಿ ಅಂತ ಯೇಸುಸ್ವಾಮಿ ಹೇಳಿದ್ದು ಎಲ್ಲರಿಗೂ ನೆನಪಿದೆ, ಅದರ ಕೆಳಗೆ ಈ ಹಳೆಯ ನಿಯಮ ಇರುವುದು ಯಾರಿಗೂ ನೆನಪಿಲ್ಲ ಅಂತ ಗೊಣಗುತ್ತಿದ್ದರು.

ಇನ್ನೊಂದು ನಿಯಮ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಸೌದೆ ಒಡೆಯುವಾಗ ಕೊಡಲಿ ಕಾವಿನಿಂದ ಕಳಚಿ ಹಾರಿ ಪಕ್ಕದವನು ಸತ್ತರೆ? ಬೇಕೆಂದು ಕೊಂದದ್ದಲ್ಲ. ಅಂಥವನು ಓಡಿಹೋಗಿ ಸೇರಿಕೊಳ್ಳಲು ಕೆಲವು ಊರುಗಳನ್ನೇ ಬಿಟ್ಟಿದ್ದರಂತೆ. ಅಲ್ಲಿ ಅವನನ್ನು ಸತ್ತವನ ಕಡೆಯವರು ಮುಟ್ಟುವ ಹಾಗಿಲ್ಲ. ಆದರೆ ಅವನೂ ಮನೆಗೆ ಬರುವ ಹಾಗಿಲ್ಲ, ಮಹಾಯಾಜಕ, ಅಂದರೆ ಅವರ ಗುಡಿಯ ದೊಡ್ಡ ಪೂಜಾರಿ, ಸಾಯುವವರೆಗೆ. ಆ ದೊಡ್ಡವರು ಸತ್ತ ಮೇಲೆ ಅವನು ನಿಶ್ಚಿಂತೆಯಿಂದ ತನ್ನೂರಿಗೆ ಬರಬಹುದು. ಯಾಕೆ ಹಾಗೆ ಅಂತ ನಾನು ಕೇಳಿದ್ದೆ. ಒಂದು ಸಾವಿನ ಲೆಕ್ಕ ಇನ್ನೊಂದು ಸಾವಿನಲ್ಲಿ ಮುಗಿಯುತ್ತೇನೋ ಅಂದಿದ್ದರು, ಅವರಿಗೂ ಖಾತ್ರಿ ಇರಲಿಲ್ಲ...

ಇಷ್ಟೆಲ್ಲ ಜಗಲಿಯ ಕತೆ. ಅದು ನಮ್ಮ ಓಣಿಗೆ ಇಳಿದು ಬರುತ್ತದೆಂದು ಯಾರಿಗೆ ಗೊತ್ತಿತ್ತು.

ಆಗ ನಾನು ಬ್ಲೌಸ್ ಹೊಲಿಯಲು ಶುರುಮಾಡಿದ್ದೆ. ಚಳಿಗಾಲದ ಒಂದು ಸಂಜೆ ಕೆಳದಿ ರಸ್ತೆಯ ಕಡೆ ಒಂದು ಮನೆಗೆ ಬ್ಲೌಸ್ ಕೊಟ್ಟು ನಡೆದು ಬರುತ್ತಿದ್ದೆ. ತಿರುವಿನಲ್ಲಿ ಮುಳುಗುವ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಿದ್ದ. ಮುಂದೆ ಬಾಯಮ್ಮನ ಗಂಡ ಸೈಕಲ್ ತುಳಿಯುತ್ತ ಹೋಗುತ್ತಿದ್ದರು. ಎದುರಿನಿಂದ ಒಂದು ಜೀಪು ಆ ಬಿಸಿಲಿನೊಳಗಿಂದಲೇ ಬಂದ ಹಾಗೆ ಬಂತು, ಗುದ್ದಿತು, ನಿಲ್ಲದೆ ನನ್ನ ಪಕ್ಕದಲ್ಲೇ ಹಾದು ಹೋಯಿತು. ಗಾಜೆಲ್ಲ ಬೆಳಕು. ಒಳಗೆ ಕಂಡದ್ದು ಒಂದು ಆಕಾರ, ತಲೆಗೆ ಸುತ್ತಿದ ಟವೆಲ್, ಕಿಟಕಿಯ ಹೊರಗೆ ಚಾಚಿದ ಮೊಣಕೈ. ಅಷ್ಟೇ. ರಸ್ತೆಯ ತುಂಬ ಬನ್ನು ಉರುಳಿದ್ದವು. ಆ ಬನ್ನುಗಳನ್ನು ದಾಟಿ ಅವರ ಹತ್ತಿರ ಓಡಿದ್ದು ನೆನಪಿದೆ, ಆಮೇಲಿನದು ಸರಿಯಾಗಿ ನೆನಪಿಲ್ಲ...

ಆಸ್ಪತ್ರೆ ಮುಟ್ಟುವ ಮೊದಲೇ ಅವರು ಹೋಗಿಬಿಟ್ಟಿದ್ದರು.

ಜೀಪು ಯಾರದೆಂದು ಮರುದಿನವೇ ಗೊತ್ತಾಯಿತು, ಊರಿನ ಒಬ್ಬ ಕಂಟ್ರಾಕ್ಟರನದು. ಓಡಿಸಿದವರು ಯಾರು ಅನ್ನುವುದೇ ಪ್ರಶ್ನೆ. ಅದರ ಡ್ರೈವರ್ ನಮ್ಮ ಓಣಿಯ ಕೊನೆಯ ಮನೆಯವನು, ತಲೆಗೆ ಟವೆಲ್ ಸುತ್ತಿ ಮೊಣಕೈ ಹೊರಗಿಟ್ಟು ಓಡಿಸುವವನು. ಆದರೆ ಈ ಕಡೆಯ ಅರ್ಧ ಡ್ರೈವರುಗಳು ಓಡಿಸುವುದೇ ಹಾಗೆ. ಅವನು, ಆವತ್ತು ಜ್ವರ ಬಂದು ಮನೆಯಲ್ಲಿ ಮಲಗಿದ್ದೆ, ಕೀಲಿ ಶೆಡ್ಡಿನ ಮೊಳೆಯಲ್ಲೇ ಇತ್ತು, ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು ಅಂದ. ಅವನನ್ನೇ ಹಿಡಿದರು, ಆಮೇಲೆ ಜಾಮೀನಿನ ಮೇಲೆ ಬಿಟ್ಟರು. ಠಾಣೆಯಲ್ಲಿ ನಾನು 'ಅವನ ಹಾಗೆ ಕಂಡಿತು' ಅಂದಿದ್ದೆ. ಬರೆದುಕೊಂಡ ಕಾಗದದಲ್ಲಿ ಅದು 'ಅವನೇ' ಆಗಿತ್ತು. ಹಾಗಂತ ನನಗೆ ಗೊತ್ತಾದದ್ದು ಕೋರ್ಟಿನಿಂದ ಸಮನ್ಸ್ ಬಂದಾಗ.

ನನ್ನದು ಮೊದಲಿನಿಂದಲೂ ಅಳುಕಿನ ಸ್ವಭಾವ. ಬೀಗ ಹಾಕಿ ಹತ್ತು ಹೆಜ್ಜೆ ಹೋದವಳು ವಾಪಸ್ಸು ಬಂದು ಎಳೆದು ನೋಡುತ್ತೇನೆ. ಅಳತೆ ತೆಗೆದ ಬ್ಲೌಸಿಗೆ ಕತ್ತರಿ ಹಾಕುವ ಮೊದಲು ಮತ್ತೆ ಟೇಪು ಹಿಡಿಯುತ್ತೇನೆ. ಅಂಥವಳ ಮಾತಿನ ಮೇಲೆ ಒಬ್ಬನ ಜೈಲು ನಿಂತಿತ್ತು. ಕಣ್ಣು ಮುಚ್ಚಿದರೆ ಆ ಗಾಜು ಬರುತ್ತಿತ್ತು. ದಿನಕ್ಕೊಂದು ಮುಖ ಅದರೊಳಗೆ ಕೂರುತ್ತಿತ್ತು, ಒಮ್ಮೆ ಡ್ರೈವರನದು, ಒಮ್ಮೆ ಕಂಟ್ರಾಕ್ಟರನದು, ಒಂದು ದಿನ ನಮ್ಮಣ್ಣನದು ಕೂಡ. ಊಟ ಸೇರುತ್ತಿರಲಿಲ್ಲ.

ಅಣ್ಣನಿಗೆ ಇದರಲ್ಲಿ ಯೋಚನೆ ಮಾಡುವುದೇ ಇರಲಿಲ್ಲ. ಬಾಯಮ್ಮನ ಕೈಯ ಬನ್ನು ತಿಂದು ಬೆಳೆದವರು ನಾವು, ಅವರಿಗೆ ನ್ಯಾಯ ಸಿಗುವುದು ನಿನ್ನ ಒಂದು ಮಾತಿನಲ್ಲಿದೆ, ಅವನೇ ಅಂತ ಹೇಳಿ ಬಾ, ದಿನಾ ಆ ಜೀಪು ಓಡಿಸುವವನು ಅವನೇ ತಾನೆ ಅನ್ನುತ್ತಿದ್ದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನನಗೂ ಹಾಗೇ ಮಾಡಬೇಕು ಅನ್ನಿಸುತ್ತಿತ್ತು. ಬಾಯಮ್ಮನ ಮುಖ ನೋಡಲು ಧೈರ್ಯವಿಲ್ಲದೆ ನಾನು ಹಿತ್ತಿಲ ದಾರಿಯಿಂದ ಓಡಾಡತೊಡಗಿದೆ.

ಕೋರ್ಟಿನ ಹಿಂದಿನ ದಿನ ತಡೆಯಲಾಗಲಿಲ್ಲ, ಹೋದೆ. ಅವರು ಅಡುಗೆಮನೆಯ ನೆಲದ ಮೇಲೆ ಕೂತು ಮಿಡಿಯ ತೊಟ್ಟು ಬಿಡಿಸುತ್ತಿದ್ದರು. ಮನೆಯೆಲ್ಲ ಸೊನೆಯ ವಾಸನೆ. ನಾನೂ ಕೂತು ತೊಟ್ಟು ಬಿಡಿಸಿದೆ. ಕೊನೆಗೆ ನಾನೇ ಕೇಳಿದೆ.

"ಬಾಯಮ್ಮ, ನಾಳೆ ನಾನು ಎಂತ ಹೇಳ್ಲಿ?"

ಅವರು ಎದ್ದು ಮುಂದಿನ ಕೋಣೆಗೆ ಹೋದರು, ನಾನೂ ಹಿಂದೆ ಹೋದೆ. ಕಿಟಕಿಯ ದಂಡೆಯ ಮೇಲೆ ಒಂದು ಕಲ್ಲಿತ್ತು. ಅದನ್ನು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು.

"ಅಂವ ದಿನಾ ಬೆಳಿಗ್ಗೆ ಈ ಕಿಟಕಿ ಮುಂದೇನೇ ಸ್ಟ್ಯಾಂಡಿಗೆ ಹೋಗ್ತಾನೆ ಮಗಾ. ದಿನಾ ನಾನು ಇದನ್ನ ಕೈಲಿ ಹಿಡ್ಕೊಂಡು ನಿಲ್ತೇನೆ. ಅವ್ನೇ ಅಂತ ನಂಗೆ ಅನ್ಸ್ತದೆ. ಆದ್ರೆ ನಾನು ನೋಡ್ಲಿಲ್ಲ."

ನಾನು ಅಲ್ಲಿಯವರೆಗೆ ಅವರನ್ನು ದುಃಖದ ಹೆಂಗಸು ಅಂತ ಮಾತ್ರ ನೋಡಿದ್ದೆ. ಅವರೊಳಗೆ ಅಷ್ಟು ಸಿಟ್ಟು ಇರಬಹುದೆಂದು ಹೊಳೆದಿರಲಿಲ್ಲ. ಆ ಕೋಣೆಯ ಗೋಡೆಯಲ್ಲಿ ಶಿಲುಬೆಯ ಕೆಳಗೆ ಗಂಡನ ಫೋಟೋ ಇತ್ತು, ಅದರ ಮುಂದಿನ ಮೇಣದಬತ್ತಿ ಹತ್ತಿಸಿರಲಿಲ್ಲ.

"ನೋಡಿದ್ದು ನೀನು. ಮೊದ್ಲ ಕಲ್ಲು ನಿನ್ದು. ಅವ್ನ ಮುಖ ಕಂಡಿದ್ರೆ ಎಸಿ, ನಾನೂ ಎಸೀತೇನೆ. ಕಾಣದಿದ್ರೆ ನಂಗೋಸ್ಕರ ಎಸೀಬೇಡ."

ಕಲ್ಲನ್ನು ವಾಪಸ್ಸು ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ಇದು ಈ ಮನೆಯಲ್ಲಿ ಇರುವುದು ಬೇಡ, ಇದ್ದರೆ ಒಂದು ದಿನ ಎಸೆದೇ ಎಸೆಯುತ್ತೇನೆ, ನೀನೇ ಇಟ್ಟುಕೊ ಅಂದರು. ಸೆರಗಿನಲ್ಲಿ ಮುಚ್ಚಿಕೊಂಡು ಕಳ್ಳಿಯ ಹಾಗೆ ಮನೆಗೆ ತಂದೆ.

ಮರುದಿನ ಕಟಕಟೆಯಲ್ಲಿ ನಿಂತೆ. ಜೀಪು ಹೌದು ಅಂದೆ. ಬಿಸಿಲು ಹೊಡೆಯುತ್ತಿತ್ತು, ಮುಖ ಕಾಣಲಿಲ್ಲ ಅಂದೆ. ಸರ್ಕಾರಿ ವಕೀಲರು ಕಾಗದ ತೋರಿಸಿ, ಅವನೇ ಎಂದು ಹೇಳಿದ್ದೀರಲ್ಲ ಅಂತ ಮತ್ತೆ ಮತ್ತೆ ಕೇಳಿದರು. ಮತ್ತೆ ಮತ್ತೆ ಅದನ್ನೇ ಹೇಳಿದೆ. ಡ್ರೈವರ್ ತಲೆ ಎತ್ತಿ ನನ್ನನ್ನು ನೋಡಿದ. ಆ ನೋಟದಲ್ಲಿ ಕೃತಜ್ಞತೆ ಇತ್ತೋ, ಬಚಾವಾದೆ ಅನ್ನುವುದಿತ್ತೋ, ಇಂದಿಗೂ ಗೊತ್ತಿಲ್ಲ. ಬೇರೆ ಸಾಕ್ಷಿ ಇರಲಿಲ್ಲ. ಕೆಲವು ತಿಂಗಳಿಗೆ ಅವನು ಕೇಸಿನಿಂದ ಬಿಡುಗಡೆಯಾದ.

ಅಣ್ಣ ಅದೆಷ್ಟೋ ದಿನ ನನ್ನೊಂದಿಗೆ ಮಾತು ಬಿಟ್ಟಿದ್ದ. ಕಂಟ್ರಾಕ್ಟರನ ಕಡೆಯವರು ನನಗೆ ಏನೋ ಕೊಟ್ಟಿದ್ದಾರೆಂದು ಓಣಿಯಲ್ಲಿ ಮಾತಾಯಿತು. ಅದಕ್ಕಿಂತ ನೋವಾದದ್ದು ಬಾಯಮ್ಮನ ಬಾಗಿಲು ಮುಚ್ಚಿದ್ದು. ಅವರೇ ಹೇಳಿದ್ದನ್ನು ನಾನು ಮಾಡಿದ್ದೆ, ಆದರೂ ಅವರಿಗೆ ನನ್ನ ಮುಖ ನೋಡಲಾಗಲಿಲ್ಲ. ಆ ಕ್ರಿಸ್‌ಮಸ್ಸಿಗೆ ನಮ್ಮ ಮನೆಗೆ ತಿಂಡಿಯ ತಟ್ಟೆ ಬರಲಿಲ್ಲ. ಗೋಡೆಯಾಚೆ ಅವರು ನೀರು ಕಾಯಿಸುವ ಸದ್ದು ಕೇಳುತ್ತ, ನಾನು ಮಾಡಿದ್ದು ಸರಿಯೋ ತಪ್ಪೋ ಅಂತ ಹೊಲಿಗೆ ಮಿಷನ್ನಿನ ಮುಂದೆ ಸುಮ್ಮನೆ ಕೂತಿರುತ್ತಿದ್ದೆ.

ಮುಂದಿನ ಮಿಡಿಯ ಕಾಲಕ್ಕೆ ಅವರೇ ಬಂದರು. ಏನೂ ಆಗದ ಹಾಗೆ ಅಡುಗೆಮನೆಗೆ ನುಗ್ಗಿ ನನ್ನ ಭರಣಿ ಬಗ್ಗಿ ನೋಡಿದರು. ತಟ್ಟೆಯ ಮೇಲೆ ಆ ಕಲ್ಲು ಇತ್ತು. ಬೇರೆಲ್ಲಿ ಇಡುವುದೆಂದು ತಿಳಿಯದೆ ಅಲ್ಲಿ ಹಾಕಿದ್ದೆ. ಬೆರಳಿನಿಂದ ಅದನ್ನು ಒತ್ತಿ ನೋಡಿ, "ಭಾರ ಸರಿ ಉಂಟು" ಅಂದರು. ಆ ವಿಷಯದಲ್ಲಿ ಅವರು ಮತ್ತೆ ಆಡಿದ ಮಾತು ಅದೊಂದೇ.

ಡ್ರೈವರ್ ಊರಲ್ಲಿ ನಿಲ್ಲಲಿಲ್ಲ. ಕೋರ್ಟು ಬಿಟ್ಟರೂ ಓಣಿ ಬಿಡಲಿಲ್ಲ, ಅವನು ಹೋದಲ್ಲೆಲ್ಲ ಜನ ಮಾತು ನಿಲ್ಲಿಸುತ್ತಿದ್ದರು. ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿ ಆಚೆ ದಡಕ್ಕೆ ಹೋದ, ಲಾಂಚಿನಲ್ಲಿ ದಾಟಿ ಬಂದವರನ್ನು ಸಿಗಂದೂರು ದೇವಸ್ಥಾನಕ್ಕೆ ಕರೆದೊಯ್ಯುವ ಜೀಪು ಓಡಿಸಿಕೊಂಡು ಅಲ್ಲೇ ಇದ್ದುಬಿಟ್ಟ. ಅವನ ತಾಯಿ ಸತ್ತಾಗ ಬಂದವನು ಕ್ರಿಯೆ ಮುಗಿಸಿ ಹಾಗೇ ಹೋದ. ನಡುವೆ ಅಷ್ಟು ನೀರು ಇತ್ತಲ್ಲ, ಅದು ಬಾಯಮ್ಮನಿಗೂ ಒಳ್ಳೆಯದಾಯಿತು ಅಂತ ನನಗೆ ಅನ್ನಿಸುತ್ತಿತ್ತು.

ವಯಸ್ಸಾದ ಮೇಲೆ ಬಾಯಮ್ಮನನ್ನು ತಂಗಿಯ ಮಗಳು ತೀರ್ಥಹಳ್ಳಿಗೆ ಕರೆದುಕೊಂಡು ಹೋದಳು. ಹೋದ ಮಳೆಗಾಲದಲ್ಲಿ ಅಲ್ಲೇ ತೀರಿಕೊಂಡರು. ನನಗೆ ಗೊತ್ತಾಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಹೋಗಬೇಕು, ಹೋಗಬೇಕು ಅಂದುಕೊಂಡೇ ಇದ್ದೇನೆ, ಹೋಗಿಲ್ಲ...

ಅವರು ಸತ್ತ ತಿಂಗಳೊಳಗೆ ಡ್ರೈವರ್ ಓಣಿಗೆ ವಾಪಸ್ಸು ಬಂದ. ಸೇತುವೆ ಆಯಿತು, ಲಾಂಚು ನಿಂತಿತು, ಆಚೆ ದಡದಲ್ಲಿ ಜೀಪಿಗೆ ಕೆಲಸ ಇಲ್ಲ, ಬಾರದೆ ಎಲ್ಲಿಗೆ ಹೋಗುತ್ತಾನೆ ಅನ್ನುತ್ತಾನೆ ಅಣ್ಣ. ಇರಬಹುದು. ಆದರೆ ನನಗೆ ಜಗಲಿಯ ಮೇಲೆ ಕೇಳಿದ ಆ ಕೊಡಲಿಯವನ ನಿಯಮ ನೆನಪಾಗುತ್ತದೆ, ದೊಡ್ಡವರು ಸತ್ತ ಮೇಲೆ ಊರಿಗೆ ಬರುವವನದು. ಬೇಕೆಂದು ಕೊಲ್ಲದವನೂ ಕೊಂದವನೇ. ಏನೂ ಮಾಡದವನಿಗೆ ಆ ಊರುಗಳ ಅಗತ್ಯವೇ ಇರಲಿಲ್ಲ.

ಇವತ್ತು ಕಲ್ಲು ತೊಳೆದು ಹೊರಗೆ ಬಿಸಿಲಿಗಿಡಲು ಬಂದರೆ ಅವನು ಗೇಟಿನಲ್ಲಿ ನಿಂತಿದ್ದ. ಕೂದಲು ಬೆಳ್ಳಗಾಗಿದೆ. ಕೈಯಲ್ಲಿ ಕಲ್ಲು ಇದ್ದದ್ದು ನನಗೆ ಆಮೇಲೆ ಗಮನಕ್ಕೆ ಬಂತು, ಸೆರಗಿನಲ್ಲಿ ಮುಚ್ಚಿಕೊಂಡೆ.

"ಅಕ್ಕಾ, ಬಾಯಮ್ಮನ್ನ ಎಲ್ಲಿ ಮಣ್ಣು ಮಾಡಿದ್ರು?"

ತೀರ್ಥಹಳ್ಳಿಯಲ್ಲಿ ಅಂದೆ. ನಾಳೆ ಆ ಕಡೆ ಬಾಡಿಗೆ ಇದೆ, ಬರುವಾಗ ಅಲ್ಲಿಗೆ ಹೋಗಿ ಬರಬೇಕು ಅಂದ. ಯಾಕೆ ಅಂತ ಕೇಳದೆ ಸೆರಗನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡೆ.

"ಮುಂದಿನ ಸೀಟು ಖಾಲಿ ಇದೆ. ನೀವೂ ಬರ್ತೀರಾ?"

ನೋಡ್ತೀನಿ ಅಂದೆ. ತಲೆಯಾಡಿಸಿ ಹೋದ. ನಿಂತಷ್ಟು ಹೊತ್ತೂ ಇಳಿಬಿಸಿಲು ಅವನ ಬೆನ್ನಿಗಿತ್ತು, ಮುಖದಲ್ಲಿ ಎಂಥದಿತ್ತೋ ಈ ಸಲವೂ ನನಗೆ ಕಾಣಲಿಲ್ಲ.

ಒಳಗೆ ಬಂದು ಮಿಡಿಯ ಮೇಲೆ ತಟ್ಟೆ ಇಟ್ಟು ಕಲ್ಲು ಹೇರಿದೆ. ಅದಾದ ಮೇಲೆ ಒಂದು ಹೊಲಿಗೆಯೂ ನೆಟ್ಟಗೆ ಬಿದ್ದಿಲ್ಲ. ಅವನು ಸೂರ್ಯ ಹುಟ್ಟುವ ಮೊದಲೇ ಹೊರಡುತ್ತಾನಂತೆ, ಬಿಸಿಲು ಕಣ್ಣಿಗೆ ಹೊಡೆಯುವ ಹೊತ್ತಲ್ಲ. ಪಕ್ಕದಲ್ಲೇ ಕೂತು ತೀರ್ಥಹಳ್ಳಿಯವರೆಗೆ ಹೋಗಬೇಕು, ಅವರ ಗೋರಿಯ ಮುಂದೆ ಅವನು ನಿಲ್ಲುವುದನ್ನು ನೋಡಬೇಕು. ಅಷ್ಟು ಹತ್ತಿರದಿಂದ ಮುಖ ಕಾಣದೆ ಇರುವುದಿಲ್ಲ. ನನಗೆ ಭಯವಿರುವುದು ಅದಕ್ಕೇ.

ಹೋಗಲಾ ಬೇಡವಾ ಅಂತ ಕೇಳಲು ಅಭ್ಯಾಸದಿಂದ ಗೋಡೆಯ ಕಡೆ ತಿರುಗಿದೆ. ಪಕ್ಕದ ಮನೆಯಲ್ಲಿ ಈಗ ಯಾರೂ ನೀರು ಕಾಯಿಸುವುದಿಲ್ಲ.