ಅಕ್ಕ ಬರೆದ ಜೀವಕೋಶ

ಯುದ್ಧದ ವರ್ಷಗಳಲ್ಲಿ ಮದರಾಸಿನಿಂದ ಬರಬೇಕಿದ್ದ ಪಾಠದ ಪಟಗಳು ಶಾಲೆಗೆ ಬರಲೇ ಇಲ್ಲ. ಕುಂದಾಪುರದ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಹೇಳುತ್ತಿದ್ದ ಮಾಸ್ಟ್ರು, ಗಿಡದ ಜೀವಕೋಶ, ಪ್ರಾಣಿಯ ಜೀವಕೋಶ ಎರಡನ್ನೂ ಯಾರಾದರೂ ದೊಡ್ಡದಾಗಿ ಬರೆದು ತರುತ್ತೀರಾ ಎಂದು ಕೇಳಿದರು. ನಾನು ಕೈಯೆತ್ತಿದ್ದು ಅಕ್ಕನನ್ನು ನಂಬಿ.

ಅಕ್ಕ ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ಕೋಟೇಶ್ವರದ ನಮ್ಮ ಮನೆಗೆ ವಾಪಸಾದವಳು. ಅಂಗಳದಲ್ಲಿ ರಂಗೋಲಿ ಹಾಕುವಂತಿರಲಿಲ್ಲ. ಹಿಂದಿನ ಜಗಲಿಯ ಗೋಡೆಯ ಮೇಲೆ ಇದ್ದಿಲಿನಿಂದ ಏನಾದರೂ ಬರೆದು, ಅಮ್ಮ ಬರುವ ಮೊದಲು ಒರೆಸಿಬಿಡುತ್ತಿದ್ದಳು.

ಅಪ್ಪಯ್ಯನ ಹಳೇ ಪಂಚೆಗೆ ಗಂಜಿ ಹಾಕಿ ಒಣಗಿಸಿದೆವು. ನಾನು ಪುಸ್ತಕ ಹಿಡಿದು ಹೇಳಿದೆ, ಅವಳು ಬರೆದಳು. ಗಿಡದ ಕೋಶಕ್ಕೆ ಪೊರೆಯ ಹೊರಗೊಂದು ಗಟ್ಟಿ ಗೋಡೆ. ಮೂಳೆಯಿಲ್ಲದ ಗಿಡ ನೆಟ್ಟಗೆ ನಿಲ್ಲುವುದು ಅದರಿಂದ. ಪ್ರಾಣಿಯದಕ್ಕೆ ಬರೀ ತೆಳು ಪೊರೆ. ಬೇಕಾದ್ದನ್ನು ಒಳಗೆ ಬಿಟ್ಟು ಬೇಡದ್ದನ್ನು ಹೊರಗೆ ಹಾಕುತ್ತದೆ. ಗಿಡದ ಕೋಶದ ನಡುವೆ ನೀರಿನ ದೊಡ್ಡ ಚೀಲ, ಅದು ಬತ್ತಿದರೆ ಎಲೆ ಬಾಡುತ್ತದೆ. ಅಂಚಿನಲ್ಲಿ ಹಸಿರು ಕಣಗಳು, ಬಿಸಿಲು ಹಿಡಿದು ಆಹಾರ ಮಾಡುವಂಥವು.

"ನಮ್ಗೆ ಆ ಹಸ್ರ್ ಕಣ ಇಲ್ಯಾ?" ಎಂದಳು ಅಕ್ಕ.

"ಇಲ್ಲ."

"ಅದ್ಕೇ ಮತ್ತೊಬ್ರ ಅನ್ನ ತಿಂಬುದ್," ಎಂದು ನಕ್ಕಳು.

ಎರಡರಲ್ಲೂ ಕೋಶಕೇಂದ್ರವೆಂಬ ದುಂಡನೆಯ ಕಾಳಿಗೆ ಬಸಳೆ ಹಣ್ಣಿನ ರಸ ತುಂಬಿದಳು. ಕೋಶದ ವ್ಯವಹಾರವೆಲ್ಲ ನಡೆಸುವುದು ಇದೇ, ಇದನ್ನು ತೆಗೆದರೆ ಕೋಶ ಸ್ವಲ್ಪ ಕಾಲ ಇದ್ದು ಸಾಯುತ್ತದೆ ಎಂದೆ. ಅವಳ ಕೈ ನಿಂತಿತು.

"ಕೂಡ್ಲೇ ಸಾಯುದಿಲ್ಲ ಅಲ್ದಾ?"

ಆಗಲೇ ಅವಳಿಗೆ ಕೆಮ್ಮು ಹತ್ತಿತ್ತು. ಗಂಡ ಹೋದವಳ ಕೈಯಲ್ಲಿ ಬಣ್ಣ ಕಂಡು ಅಮ್ಮ ಮುಖ ತಿರುಗಿಸಿ ಒಳಗೆ ಹೋದರು. ಪಟವನ್ನು ಕಣ್ಣೆತ್ತಿ ನೋಡಲಿಲ್ಲ.

ತರಗತಿಯ ಗೋಡೆಯ ಮೇಲೆ ಅದನ್ನು ನೋಡುತ್ತಾ ಮಾಸ್ಟ್ರು ಬಹಳ ಹೊತ್ತು ನಿಂತರು. "ಬರೆದವರನ್ನ ಒಂದು ಆದಿತ್ಯವಾರ ಕರ್ಕೊಂಡು ಬಾ. ಈರುಳ್ಳಿ ಸಿಪ್ಪೆಯ ಕೋಶ ಸೂಕ್ಷ್ಮದರ್ಶಕದಲ್ಲಿ ತೋರಿಸುವ," ಎಂದರು. ಅಕ್ಕನಿಗೆ ಆಮೇಲೆ ಬೇರೆ ಮಾತೇ ಇರಲಿಲ್ಲ. ಅಪ್ಪಯ್ಯ ಬೇಡವೆಂದರು. ಕಾಡಿ ಬೇಡಿ ಅವರು ಒಪ್ಪುವ ಹೊತ್ತಿಗೆ ಕೆಮ್ಮಿನಲ್ಲಿ ರಕ್ತ ಬಂತು. ಡಾಕ್ಟರು ಕ್ಷಯ ಎಂದರು.

ಆಷಾಢದ ಮಳೆಯಲ್ಲಿ ಅಕ್ಕ ಹೋದಳು. ಅವಳ ಚಾಪೆ, ಸೀರೆ, ತಲೆದಿಂಬು ಎಲ್ಲವನ್ನೂ ಸುಟ್ಟರು.

ಸೂತಕ ಕಳೆದು ನಾನು ಶಾಲೆಗೆ ಹೋದ ಮೇಲೆ, ಕ್ಷಯದವಳು ಮುಟ್ಟಿದ ಬಟ್ಟೆ ಮಕ್ಕಳ ತಲೆಯ ಮೇಲೆ ತೂಗುತ್ತಿದೆ ಎಂದು ಯಾರದೋ ಮನೆಯವರು ತಕರಾರು ತೆಗೆದರು. ಒಂದು ಮಧ್ಯಾಹ್ನ ಮಾಸ್ಟ್ರೇ ಪಟ ಇಳಿಸಿ, ಶಾಲೆಯ ಹಿಂದೆ ಒಯ್ದು ಬೆಂಕಿಯಿಟ್ಟರು. ನಾನು ಕಿಟಕಿಯ ಸರಳು ಹಿಡಿದು ನೋಡಿದೆ. ಗಂಜಿ ಕುಡಿದ ಬಟ್ಟೆ ಬೇಗ ಹತ್ತಿಕೊಂಡಿತು. ಅವರು ಒಳಗೆ ಬಂದು ಪಾಠ ಸುರು ಮಾಡಿದರು, ನಾನಿದ್ದ ಬೆಂಚಿನ ಕಡೆ ನೋಡದೆ.

ಮನೆಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಮಳೆ ಬಿಟ್ಟ ಮೇಲೆ, ಒಂದು ಶನಿವಾರ ಸಂತೆಗೆ ಬಂದಿದ್ದ ಅಮ್ಮ ಚೀಲ ಹಿಡಿದುಕೊಂಡು ಸೀದಾ ಶಾಲೆಗೇ ಬಂದರು.

"ಅಕ್ಕ ಬರ್ದದ್ದ್ ಎಲ್ಲಿತ್ತ್? ಒಂದ್ಸಲ ಕಣ್ಣಾರೆ ಕಾಂತೆ."

ನಾನು ಅಳುತ್ತಾ ಹೇಳಿದೆ. ಅಮ್ಮ ಬೈಯಲಿಲ್ಲ. "ಎಲ್ಲ್ ಸುಟ್ರ್?" ಎಂದು ಕೇಳಿದರು. ತೋರಿಸಿದೆ. ಅಲ್ಲಿ ಹುಲ್ಲು ಬೆಳೆದಿತ್ತು. ಅಮ್ಮ ಸೆರಗು ಬಾಯಿಗೊತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

"ಹ್ಯಾಂಗ್ ಇದ್ದಿತ್ ಮಗಾ? ಎಲ್ಲಾ ಹೇಳ್," ಎಂದರು.

ನಾನು ಹತ್ತಿರ ಕುಳಿತು, ಅಕ್ಕ ಬರೆದ ಒಂದೊಂದು ಗೆರೆಯನ್ನೂ ಹೇಳತೊಡಗಿದೆ.